ಅವ್ವನ ಜಾಹೀರಾತಿಗೊಂದು ತಿದ್ದೋಲೆ

ಮಾನ್ಯ ಓದುಗರ ಅವಗಾಹನೆಗೆ ಮೊದಲಿಗೇ ತರಬೇಕಾದ ಸಂಗತಿ ಏನೆಂದರೆ, ಇದಕ್ಕೂ ಮುಂಚೆ ನಾನು ನನ್ನ ಸ್ವಂತ ವಿಷಯವಾಗಿ ಏನನ್ನೂ ಬರೆದವಳಲ್ಲ. ತರೀಕೆರೆಯ ತಾಲ್ಲೂಕು ಕಚೇರಿಯ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಹದಿನೇಳು ವರ್ಷಗಳಿಂದ ಇತರರ ಅರ್ಜಿಗಳನ್ನು ಬರೆದು, ಟೈಪು ಮಾಡಿ, ಕೆಳಗೆ ಅವರ ಸಹಿಗೋ ಹೆಬ್ಬೆಟ್ಟಿಗೋ ಜಾಗ ಬಿಟ್ಟು ಕೊಡುತ್ತಾ ಬಂದಿದ್ದೇನೆ. ಅಮೃತಾಪುರದವರ ಖಾತೆ ಬದಲಾವಣೆ ಇರಲಿ, ಲಕ್ಕವಳ್ಳಿ ಕಡೆಯವರ ಕಾಲುವೆ ನೀರಿನ ತಕರಾರು ಇರಲಿ, ಎಲ್ಲವೂ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಆರಂಭವಾಗಿ ‘ಸೂಕ್ತ ಕ್ರಮ ಜರುಗಿಸಬೇಕಾಗಿ ವಿನಂತಿ’ ಎಂದು ಮುಗಿಯುತ್ತವೆ. ನನಗೆ ಬರುವ ಬರವಣಿಗೆ ಅದೊಂದೇ. ಇದರಲ್ಲಿ ಕಚೇರಿಯ ವಾಸನೆ ಹೊಡೆದಲ್ಲಿ ಅದು ನನ್ನ ಕೊರತೆಯೇ ಹೊರತು ಉದ್ದೇಶವಲ್ಲ.

ಈ ಬರಹದ ಮೂಲಕ ನಾನು ಯಾರಿಂದಲೂ ಯಾವ ಕ್ರಮವನ್ನೂ ಕೋರುತ್ತಿಲ್ಲ. ನನ್ನ ಅವ್ವ ಬದುಕಿರುವಾಗಲೇ ಆಕೆ ಇಲ್ಲವೆಂದು ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಊರುಗಳ ಬೀದಿಯಲ್ಲಿ ಮೈಕಿನಲ್ಲಿ ಸಾರಲಾಯಿತು. ಅದನ್ನು ಸಾರಿಸಿದವನು ನನ್ನ ತಮ್ಮ. ಬರೆದವಳು ನಾನು. ತಮ್ಮನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ, ಇಳಿಯಬೇಕೆಂಬ ಆಸೆಯೂ ಇಲ್ಲ. ಆದರೆ ಸಿಟ್ಟಿನಲ್ಲಿ ನನ್ನ ಪಾಲಿನದನ್ನು ಮರೆಮಾಚುವುದು ಸರಿಯಲ್ಲವಾದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನಾನು ಮತ್ತು ಅವ್ವ ಅಜ್ಜಂಪುರದ ಹಳೇ ಪೇಟೆ ಬೀದಿಯಲ್ಲಿ, ಸೇದೋ ಬಾವಿಯ ಎದುರಿನ ಮನೆಯಲ್ಲಿದ್ದೇವೆ. ಅವ್ವನಿಗೆ ಎಪ್ಪತ್ತು ದಾಟಿದೆ. ಆಕೆ ಹುಚ್ಚೆಳ್ಳಿನ ಚಟ್ನಿಪುಡಿ ಮಾಡುತ್ತಾಳೆ. ನಮ್ಮ ಹೊಲದ ರಾಗಿ ಸಾಲಿನ ನಡುವೆ ಬೆಳೆದ ಹುಚ್ಚೆಳ್ಳನ್ನು ಸಣ್ಣ ಉರಿಯಲ್ಲಿ ಹುರಿದು, ಚಟಪಟ ಸದ್ದು ಪೂರ್ತಿ ನಿಲ್ಲುವ ಮುನ್ನವೇ ಇಳಿಸಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಕರಿಬೇವು, ಉಪ್ಪು ಸೇರಿಸಿ ಹಿತ್ತಿಲಿನ ಒರಳಿನಲ್ಲಿ ಕುಟ್ಟುತ್ತಾಳೆ. ಮಿಕ್ಸಿ ಮನೆಯಲ್ಲಿದೆ. ಮಿಕ್ಸಿಗೆ ಹಾಕಿದರೆ ಪುಡಿ ಬಿಸಿಯಾಗಿ ಜಿಡ್ಡು ಕಾರುತ್ತದೆ ಎಂಬುದು ಅವ್ವನ ತೀರ್ಪು. ಆ ತೀರ್ಪಿನ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ.

ತಮ್ಮ ಕಡೂರಿನ ಬಸ್ ನಿಲ್ದಾಣದ ಪಕ್ಕದಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯ ಅಂಗಡಿ ಇಟ್ಟಿದ್ದಾನೆ. ಉಳಿದೆಲ್ಲ ಬೇರೆ ಕಡೆಯಿಂದ ತರಿಸಿದ ಸಾಮಾನು. ಮನೆಯದು ಎಂದರೆ ಅವ್ವನ ಪುಡಿ ಒಂದೇ, ಗಿರಾಕಿಗಳು ಎರಡನೆಯ ಸಲ ಬರುತ್ತಿದ್ದದ್ದೂ ಅದಕ್ಕೆ. ವಾರಕ್ಕೊಮ್ಮೆ ಅವ್ವ ಡಬ್ಬಿಗಳಿಗೆ ಬಟ್ಟೆ ಬಿಗಿದು, ಕಡೂರಿಗೆ ಹೋಗುವ ಬಸ್ಸಿನ ಡ್ರೈವರ್ ಪಕ್ಕದಲ್ಲಿ ಇರಿಸಿ ಬರುತ್ತಿದ್ದಳು. ತಮ್ಮ ಅದನ್ನು ಪೊಟ್ಟಣ ಕಟ್ಟಿ, ಮೇಲೆ ಬಿಳಿ ಕೂದಲಿನ ಅಜ್ಜಿಯೊಬ್ಬಳ ಚಿತ್ರವಿರುವ ಚೀಟಿ ಅಂಟಿಸಿ ಮಾರುತ್ತಿದ್ದ. ಮೊದಲ ಪೊಟ್ಟಣವನ್ನು ಮನೆಗೆ ತಂದು ತೋರಿಸಿದ ದಿನ ಅವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

“ಇವಳ್ಯಾರೋ?”

“ಯಾರೋ ಅಜ್ಜಿ ಅವ್ವ, ಇಂಟರ್ನೆಟ್ಟಲ್ಲಿ ಸಿಕ್ತು. ಎಷ್ಟು ಚೆನ್ನಾಗಿ ನಗ್ತಾವಳೆ ನೋಡು, ಅದಕ್ಕೇ ಹಾಕ್ದೆ.”

“ನಗದೆ ಇನ್ನೇನು ಮಾಡ್ತಾಳೆ? ಕುಟ್ಟೋಳು ನಾನಲ್ವಾ?”

ತಮ್ಮ ನಕ್ಕ. ಅವ್ವ ನಗಲಿಲ್ಲ. ತನ್ನ ಪುಡಿಯ ಪೊಟ್ಟಣದಲ್ಲಿ ತಾನೇ ಎಲ್ಲಿಯೂ ಇಲ್ಲವೆಂಬ ಮಾತನ್ನು ಆಕೆ ಅಂದೇ ಮನಸ್ಸಿನಲ್ಲಿ ದಾಖಲು ಮಾಡಿಕೊಂಡಿದ್ದಳೆಂದು ಈಗ ತಿಳಿಯುತ್ತದೆ.

ಆ ಬಳಿಕ ಕಡೂರಿನ ಅದೇ ಬೀದಿಯಲ್ಲಿ ಅಂಥದೇ ಇನ್ನೊಂದು ಅಂಗಡಿ ತೆರೆಯಿತು. ತಮ್ಮನಿಗೆ ಜಾಹೀರಾತು ಬೇಕಾಯಿತು. ನಮ್ಮ ಕಡೆ ಜಾಹೀರಾತೆಂದರೆ ಆಟೋದ ಮೇಲೆ ಎರಡು ಹಾರನ್ ಕಟ್ಟಿ ಬೀದಿ ಬೀದಿ ಸುತ್ತಿಸುವುದು. ಮೂರು ಊರುಗಳಿಗೂ ಸೇರಿ ಒಬ್ಬರೇ ಮೈಕಿನವರಿದ್ದಾರೆ. ಒಕ್ಕಣೆಯನ್ನು ಅವರೇ ಮೊಬೈಲಿಗೆ ಓದಿ, ಅದನ್ನೇ ದಿನವಿಡೀ ಹಾಕುತ್ತಾರೆ. ಒಕ್ಕಣೆ ಬರೆದುಕೊಡುವಂತೆ ತಮ್ಮ ನನ್ನನ್ನು ಕೇಳಿದ. ನಾನು ಬರೆದುಕೊಟ್ಟ ಮೊದಲ ಪ್ರತಿ ಹೀಗಿತ್ತು:

‘ಈ ಮೂಲಕ ಕಡೂರು ಪಟ್ಟಣದ ಸಮಸ್ತ ಗ್ರಾಹಕರ ಗಮನಕ್ಕೆ ತರಬಯಸುವುದೇನೆಂದರೆ, ಬಸ್ ನಿಲ್ದಾಣದ ಪಕ್ಕದ ನಮ್ಮ ಮಳಿಗೆಯಲ್ಲಿ ಶುದ್ಧ ಹುಚ್ಚೆಳ್ಳಿನ ಚಟ್ನಿಪುಡಿಯು ದಾಸ್ತಾನು ಇದ್ದು, ಆಸಕ್ತರು ಖುದ್ದು ಹಾಜರಾಗಿ ಪಡೆದುಕೊಳ್ಳತಕ್ಕದ್ದು.’

ಇದು ಒಂದು ದಿನ ಕಡೂರಿನಲ್ಲಿ ಸುತ್ತಿತು. ಪುರಸಭೆಯವರು ನಲ್ಲಿ ನೀರು ನಿಲ್ಲಿಸುವ ಪ್ರಕಟಣೆ ಇರಬೇಕೆಂದು ಎರಡು ಬೀದಿಯ ಹೆಂಗಸರು ಬಿಂದಿಗೆ ಹಿಡಿದು ಹೊರಗೆ ಬಂದರಂತೆ. ಅಂಗಡಿಗೆ ಯಾರೂ ಬರಲಿಲ್ಲ. ಮರುದಿನ ತಮ್ಮ ನೇರವಾಗಿ ತರೀಕೆರೆಗೆ ಬಂದು, ನನ್ನ ಅಂಗಡಿಯ ಯಜಮಾನರ ಎದುರಿನಲ್ಲೇ ಕಾಗದವನ್ನು ಮೇಜಿನ ಮೇಲೆ ಎಸೆದ.

“ಏನಕ್ಕ ಇದು? ಪುಡಿ ತಗೊಳ್ದಿದ್ರೆ ದಂಡ ಹಾಕ್ತೀವಿ ಅನ್ನಂಗೈತೆ!”

“ನನಗೆ ಬರೋದು ಹಿಂಗೇ. ಬೇರೆಯವರ ಹತ್ರ ಬರೆಸ್ಕೋ.”

“ಬೇರೆಯವರು ಯಾಕೆ? ಇದೇ ಬರ್ದು ಕೊಡತ್ತೆ, ಒಂದು ನಿಮಿಷ ಸಾಕು” ಎಂದು ಮೊಬೈಲನ್ನು ನನ್ನ ಮುಖಕ್ಕೆ ಹಿಡಿದ. ಅದರಲ್ಲಿ ‘ಪ್ರತಿ ತುತ್ತಿನಲ್ಲೂ ಪ್ರೀತಿಯ ಪಯಣ, ಸಂಪ್ರದಾಯದ ಸವಿಯನ್ನು ಅನುಭವಿಸಿ’ ಎಂದಿತ್ತು.

“ಕಡೂರಲ್ಲಿ ಯಾರಾದ್ರೂ ಹಿಂಗೆ ಮಾತಾಡ್ತಾರೇನೋ?” ಎಂದೆ.

“ಇಲ್ಲ ತಾನೆ? ನಿನ್ನ ಹಂಗೂ ಮಾತಾಡಲ್ಲ, ಇದರ ಹಂಗೂ ಮಾತಾಡಲ್ಲ. ಮನುಷ್ಯರು ಬರ್ದಂಗೆ ಬರಿ. ಕೇಳ್ದೋರ ಕಣ್ಣಲ್ಲಿ ನೀರು ಬರ್ಬೇಕು. ಆಗಲ್ಲ ಅಂದ್ರೆ ಹೇಳ್ಬಿಡು, ಹದಿನೇಳು ವರ್ಷದಿಂದ ಬರೀ ಟೈಪ್ ಹೊಡೆದಿದ್ದೀನಿ ಅಂತ.”

ಯಜಮಾನರು ನಕ್ಕರು. ಆ ನಗು ನನಗೆ ಚುಚ್ಚಿತು. ಬರೆದೇ ತೋರಿಸುತ್ತೇನೆ ಎಂದು ತೀರ್ಮಾನಿಸಿದ್ದು ಪ್ರೀತಿಯಿಂದಲ್ಲ, ಹಟದಿಂದ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸುತ್ತೇನೆ.

ಆಮೇಲೆ ನಾನು ಹತ್ತು ಹದಿನೈದು ದಿನ ಅಂಗಡಿಯಲ್ಲಿ ಕುಳಿತು ಮೈಕಿನ ಆಟೋವನ್ನೇ ಗಮನಿಸಿದೆ. ಸೀರೆಯ ರಿಯಾಯಿತಿ ಮಾರಾಟ ಕೂಗುತ್ತಾ ಹೋದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ದನಗಳ ಲಸಿಕೆಗೆ ಒಬ್ಬಿಬ್ಬರು ಎತ್ತುತ್ತಿದ್ದರು. ಸಾವಿನ ಸುದ್ದಿ ಬಂದಾಗ ಮಾತ್ರ ಎದುರಿನ ಹೋಟೆಲಿನಲ್ಲಿ ಟೀ ಲೋಟ ಬಾಯಿಯ ಹತ್ತಿರವೇ ನಿಲ್ಲುತ್ತಿತ್ತು. ತಾಲ್ಲೂಕು ಕಚೇರಿಯ ಜವಾನರು ಸಹ ಬಾಗಿಲಿಗೆ ಬರುತ್ತಿದ್ದರು. ಅದೇ ಆಟೋ, ಅದೇ ದನಿ, ಅದೇ ಹಾರನ್. ಹಾಗಾದರೆ ವ್ಯತ್ಯಾಸ ಎಲ್ಲಿದೆ ಎಂದು ಪರಿಶೀಲಿಸಿದೆ. ಸಾವಿನ ಸುದ್ದಿಯಲ್ಲಿ ಹೊಗಳಿಕೆ ಇರುವುದಿಲ್ಲ. ಯಾರು, ಯಾವ ಬೀದಿ, ಯಾವ ಮನೆಯ ಎದುರು, ಯಾರ ತಾಯಿ ಎಂದಷ್ಟೇ ಇರುತ್ತದೆ. ಜಾಗವನ್ನು ಕರಾರುವಾಕ್ಕಾಗಿ ಹೇಳಿದ ಕೂಡಲೇ ಕೇಳುವವರಿಗೆ ಮನುಷ್ಯರು ಕಾಣುತ್ತಾರೆ. ಇದನ್ನು ಕಂಡುಕೊಂಡದ್ದು ನನ್ನ ಬುದ್ಧಿವಂತಿಕೆ ಎಂದು ಆಗ ತಿಳಿದಿದ್ದೆ. ಅದೇ ಮಾದರಿಯಲ್ಲಿ ಹೀಗೆ ಬರೆದೆ:

‘ಅಜ್ಜಂಪುರದ ಹಳೇ ಪೇಟೆ ಬೀದಿ, ಸೇದೋ ಬಾವಿ ಎದುರಿನ ಮನೆಯ ನಮ್ಮ ಅವ್ವ. ನಾವು ಚಿಕ್ಕವರಿದ್ದಾಗ ಹುಚ್ಚೆಳ್ಳು ಹುರಿಯಲು ಕೂತರೆ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಮಾತಾಡಿದರೆ ಸೀದು ಹೋಗುತ್ತದೆ ಎನ್ನುತ್ತಿದ್ದರು. ರೊಟ್ಟಿಯ ಮೇಲೆ ಪುಡಿ ಹಾಕಿ, ಸಾಕಾ ಮಗಾ, ಇನ್ನೊಂದು ಚೂರು ಹಾಕಲಾ ಎಂದು ಎರಡೆರಡು ಸಲ ಕೇಳುತ್ತಿದ್ದರು. ಆ ಪುಡಿ ಕಡೂರಿನ ಬಸ್ ನಿಲ್ದಾಣದ ಪಕ್ಕದ ನಮ್ಮ ಅಂಗಡಿಯಲ್ಲಿದೆ.’

ಫೋನಿನಲ್ಲಿ ಓದಿ ಹೇಳಿದೆ.

“ಈಗ ಬಂತು ನೋಡಕ್ಕ. ಆದ್ರೆ ಕೊನೇಲಿ ಒಂದು ಮಾತು ಬೇಕು. ‘ಇಂದು ಆ ಕೈ ಇಲ್ಲ, ರುಚಿ ಉಳಿದಿದೆ’ ಅಂತ ಸೇರಿಸು.”

“ಲೇ, ಅವ್ವ ಇಲ್ಲೇ ಹಿತ್ತಿಲಲ್ಲಿ ಬೆಳ್ಳುಳ್ಳಿ ಸುಲೀತಾ ಕೂತವಳೆ ಕಣೋ!”

“ಕೂತ್ಕೊಳ್ಲಿ ಬಿಡು. ಇರೋ ಅವ್ವನ್ನ ಯಾರು ಕೇಳ್ತಾರೆ? ಎಲ್ಲರ ಮನೇಲೂ ಒಬ್ಬೊಬ್ಬಳು ಇದ್ದಾಳೆ. ಹೋದೋಳಿಗೇ ಜನ ಅಳೋದು. ಹೆಸರೇ ಹಾಕಲ್ಲ. ಕಡೂರಲ್ಲಿ ಅವಳನ್ನ ಕಂಡೋರು ಯಾರಿದ್ದಾರೆ?”

ನಾನು ಆಗಲ್ಲವೆಂದು ಫೋನ್ ಇಟ್ಟೆ. ಮರುದಿನ ಅಂಗಡಿಯಲ್ಲಿ ಆ ಸಾಲನ್ನು ಸೇರಿಸಿ, ಹೇಗೆ ಕೇಳುತ್ತದೆ ನೋಡೋಣವೆಂದು ಯಜಮಾನರಿಗೆ ಓದಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹದಿನೇಳು ವರ್ಷಗಳಲ್ಲಿ ನಾನು ಟೈಪು ಮಾಡಿದ ಯಾವ ಕಾಗದಕ್ಕೂ ಯಾರೂ ಕಣ್ಣೊರೆಸಿಕೊಂಡಿರಲಿಲ್ಲ. ಮಧ್ಯಾಹ್ನದೊಳಗೆ ಅದನ್ನು ತಮ್ಮನಿಗೆ ಕಳುಹಿಸಿದೆ. ಯಾರ ಬಲವಂತವೂ ಇರಲಿಲ್ಲ.

ಕಡೂರಿನಲ್ಲಿ ಜಾಹೀರಾತು ಕೈಹಿಡಿಯಿತು. ಪುಡಿ ಸಾಲದಾಯಿತು. ಅವ್ವನಿಗೆ ‘ವ್ಯಾಪಾರ ಚೆನ್ನಾಗಿದೆ’ ಎಂದಷ್ಟೇ ತಿಳಿಸಿದೆವು. ಆಕೆ ವಾರಕ್ಕೊಮ್ಮೆಯ ಬದಲು ಎರಡು ಸಲ ಕುಟ್ಟತೊಡಗಿದಳು. ಅಂಗೈಯಲ್ಲಿ ಗುಳ್ಳೆ ಎದ್ದರೂ ಒಳಗೊಳಗೆ ಹೆಮ್ಮೆಯಿತ್ತು.

ಹೀಗಿರುವಾಗ ಒಂದು ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ನಾನು ಬರೆದ ಮಾತು ತರೀಕೆರೆಯಲ್ಲಿ, ನನ್ನ ಅಂಗಡಿಯ ಮುಂದೆಯೇ ಕೇಳಿಸಿತು. ಮೈಕಿನವರು ಅದನ್ನು ಸೀರೆ ಮಾರಾಟದ ದನಿಯಲ್ಲಿ ಓದಿರಲಿಲ್ಲ. ಒಕ್ಕಣೆ ಬಂದ ರೀತಿ ನೋಡಿ, ರೂಢಿಯ ಬಲದಿಂದ, ಸಾವಿನ ಸುದ್ದಿಯ ದನಿಯಲ್ಲೇ ಓದಿದ್ದರು. ಎದುರಿನ ಹೋಟೆಲಿನಲ್ಲಿ ಟೀ ಲೋಟಗಳು ನಿಂತವು. ನನಗೆ ಎದೆ ಉಬ್ಬಿತು. ಆಟೋ ತಿರುಗಿ ಅಜ್ಜಂಪುರದ ರಸ್ತೆ ಹಿಡಿಯುವುದನ್ನು ಕಂಡ ಕೂಡಲೇ ತಮ್ಮನಿಗೆ ಫೋನ್ ಮಾಡಿದೆ.

“ಅಜ್ಜಂಪುರಕ್ಕೂ ಹೇಳಿದ್ದೀಯೇನೋ?”

“ಹೂಂ, ಮೂರೂರಿಗೂ ಒಟ್ಟಿಗೇ ಮಾತಾಡ್ದೆ. ಯಾಕೆ?”

“ಅವ್ವ ಇರೋದು ಅಲ್ಲಿ!”

“ಅಯ್ಯೋ, ಆಟೋ ದೊಡ್ಡ ಬೀದೀಲಿ ಹೋಗತ್ತೆ ಬಿಡು. ಅವಳಿಗೆ ಕಿವೀನೂ ಅಷ್ಟಕ್ಕಷ್ಟೆ.”

ಅವ್ವನಿಗೆ ಕೇಳಿಸಿರಲಿಲ್ಲ, ನಿಜ. ಊರಿಗೆಲ್ಲ ಕೇಳಿಸಿತ್ತು. ಬೀದಿ ಯಾವುದು, ಮನೆ ಯಾವುದು ಎಂದು ಕರಾರುವಾಕ್ಕಾಗಿ ಬರೆದವಳು ನಾನೇ ಅಲ್ಲವೇ.

ಬಸ್ಸು ಸಿಕ್ಕಿ ನಾನು ಮನೆ ತಲುಪುವಷ್ಟರಲ್ಲಿ ಬಾಗಿಲ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಜಗಲಿಯ ಮೇಲೆ ಮೂರು ಹೂವಿನ ಹಾರ, ಊದುಬತ್ತಿಯ ಕಟ್ಟು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಾದ್ದರಿಂದ ಅಕ್ಕಪಕ್ಕದವರು ಫ್ಲಾಸ್ಕಿನಲ್ಲಿ ಕಾಫಿಯನ್ನೂ ಪಾತ್ರೆಯಲ್ಲಿ ಚಿತ್ರಾನ್ನವನ್ನೂ ತಂದಿಟ್ಟಿದ್ದರು. ಮನೆಯೊಳಗಿನಿಂದ ಹುಚ್ಚೆಳ್ಳು ಹುರಿದ ಘಮ ಬೀದಿಯವರೆಗೂ ಹರಡಿತ್ತು. ನಾನು ಬರುವ ಮುನ್ನ ನಡೆದದ್ದನ್ನು ಪಕ್ಕದ ಮನೆಯವರು ತಿಳಿಸಿದರು. ಮೊದಲು ಬಂದವರು ಹಿಂದಿನ ಬೀದಿಯ, ಅವ್ವನ ವಾರಗೆಯ ಗೆಳತಿ. ಎದೆ ಬಡಿದುಕೊಂಡು ಅಳುತ್ತಲೇ ಒಳಗೆ ನುಗ್ಗಿದ್ದಾರೆ. ಅವ್ವ ಸಟ್ಟುಗ ಹಿಡಿದುಕೊಂಡೇ ಅಡುಗೆಮನೆಯಿಂದ ಓಡಿ ಬಂದು, “ಅಯ್ಯೋ ಶಿವನೇ, ಯಾರು ಹೋದ್ರೇ?” ಎಂದು ತಾನೂ ಅಳಲು ಶುರು ಮಾಡಿದ್ದಾಳೆ. ಗೆಳತಿ ಅಳು ನಿಲ್ಲಿಸಿ ಒಂದು ಗಳಿಗೆ ದಿಟ್ಟಿಸಿ ನೋಡಿ, “ನೀನೇ ಕಣೇ!” ಎಂದಿದ್ದಾರೆ.

ನಾನು ಒಳಗೆ ಹೋದಾಗ ಅವ್ವ ನಡುಮನೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಸಟ್ಟುಗ ಇನ್ನೂ ಕೈಯಲ್ಲೇ ಇತ್ತು. ಸುತ್ತ ಹತ್ತು ಹನ್ನೆರಡು ಹೆಂಗಸರು. ಅಂತರಘಟ್ಟೆಯಿಂದ ಚಿಕ್ಕಮ್ಮ, ಎಂದರೆ ಅವ್ವನ ತಂಗಿ, ಸುದ್ದಿ ಕೇಳಿ ಟೆಂಪೋ ಹತ್ತಿ ಬಂದಿದ್ದರು. ಚಿಕ್ಕಮ್ಮ ಅಕ್ಕನ ನೆತ್ತಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು.

“ಕಾಗೆ ಮುಟ್ತೇನಕ್ಕ? ಮುಟ್ಟಿದ್ರೆ ಮುಂಚೇನೇ ಒಂದು ಮಾತು ಹೇಳ್ಬಾರ್ದಾ? ಜೀವ ಹೋದಂಗಾಯ್ತು ನಂಗೆ.”

ತಿಳಿಯದವರಿಗಾಗಿ ಇಲ್ಲಿ ಒಂದು ಸ್ಪಷ್ಟೀಕರಣ. ನಮ್ಮಲ್ಲಿ ಯಾರ ತಲೆಯನ್ನಾದರೂ ಕಾಗೆ ಮುಟ್ಟಿದರೆ, ಅವರು ಸತ್ತರೆಂದು ನೆಂಟರಿಗೆ ಸುಳ್ಳು ಸುದ್ದಿ ಕಳುಹಿಸುತ್ತಾರೆ. ನೆಂಟರು ಒಮ್ಮೆ ಅತ್ತರೆ ಕಂಟಕ ಕಳೆಯಿತು. ಆದರೆ ಸುಳ್ಳು ಹೇಳಿದವರೇ ಅದೇ ಬಾಯಿಂದ ‘ಬದುಕಿದ್ದಾರೆ’ ಎಂದು ಹೇಳಿ ಮುಗಿಸಬೇಕು. ಹೇಳದೆ ಬಿಟ್ಟರೆ ಆ ಸುಳ್ಳು ಮನೆಯಲ್ಲೇ ಉಳಿಯುತ್ತದೆ ಎಂಬ ನಂಬಿಕೆ.

“ಕಾಗೆ ಮುಟ್ಲಿಲ್ಲ ಕಣೇ” ಎಂದಳು ಅವ್ವ. “ಮಗ ಮುಟ್ಟಿದ.”

ಆಮೇಲೆ ನನ್ನ ಕಡೆ ತಿರುಗಿದಳು.

“ಯಾರೇ ಬರ್ದಿದ್ದು?”

“ನಾನೇ.”

“ಓದು. ಎಲ್ಲರೂ ಕೇಳ್ಲಿ.”

ಕಾಗದ ಚೀಲದಲ್ಲೇ ಇತ್ತು. ಓದಿದೆ. ‘ಸಾಕಾ ಮಗಾ, ಇನ್ನೊಂದು ಚೂರು ಹಾಕಲಾ’ ಎಂಬಲ್ಲಿಗೆ ಬಂದಾಗ, ಅವ್ವ ಎದುರಿಗೇ ಕಣ್ಣು ಬಿಟ್ಟುಕೊಂಡು ಕುಳಿತಿದ್ದರೂ, ಇಬ್ಬರು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

“ನಿಲ್ಸು” ಎಂದಳು ಅವ್ವ. “ನಾನು ಯಾವತ್ತೇ ಹಂಗೆ ಕೇಳಿದ್ದೆ? ಬೇಕಾದ್ರೆ ಹಾಕ್ಕೊಳ್ರಿ, ಬೇಡದಿದ್ರೆ ಏಳ್ರಿ ಅಂತಿದ್ದೆ. ನಿಮ್ಮಪ್ಪ ಇಲ್ದೆ, ಹೊಲ ಮನೆ ಎರಡೂ ನೋಡ್ಕೊಂಡು, ಮಗಾ ಮರಿ ಅಂತ ಎರಡೆರಡು ಸಲ ಕೇಳೋಕೆ ಪುರುಸೊತ್ತು ಎಲ್ಲಿತ್ತೇ ನಂಗೆ?”

ಅವ್ವ ಹೇಳಿದ್ದು ನಿಜ. ಆಕೆ ಒಮ್ಮೆಯೂ ಹಾಗೆ ಕೇಳಿರಲಿಲ್ಲ. ತಮ್ಮ ಸೇರಿಸಿದ್ದು ಒಂದು ಸುಳ್ಳು. ಅದಕ್ಕೂ ಮುಂಚೆ, ಯಾರೂ ಹೇಳದೆಯೇ, ನಾನೇ ಒಂದು ಸುಳ್ಳು ಬರೆದಿದ್ದೆ. ಮೂರೂರಿನ ಜನ ಮರುಗಿದ್ದು ಆ ನನ್ನ ಸುಳ್ಳಿಗೆ. ನನಗೆ ಬೇಕಿದ್ದ ಅವ್ವನನ್ನು ಬರೆದಿದ್ದೆ; ಇದ್ದ ಅವ್ವ ಸಟ್ಟುಗ ಹಿಡಿದು ಕುಳಿತಿದ್ದಳು.

ಅಂದು ಸಂಜೆಯೇ ಅವ್ವ ನನ್ನ ಫೋನಿನಿಂದ ತಮ್ಮನಿಗೆ ಹೇಳಿದ್ದು ಇಷ್ಟು: “ಸತ್ತೋಳು ಪುಡಿ ಕುಟ್ಟಲ್ಲ ಕಣೋ. ಬದುಕಿದ್ದಾಳೆ ಅಂತ ಅದೇ ಮೈಕಲ್ಲಿ, ಅದೇ ಮೂರೂರಲ್ಲಿ ಹೇಳ್ಸು. ಆಮೇಲೆ ಡಬ್ಬಿ ಕಳಿಸ್ತೀನಿ.”

ನಾಲ್ಕನೆಯ ದಿನ ತಮ್ಮ ಸಿಹಿತಿಂಡಿಯ ಪೊಟ್ಟಣ ಹಿಡಿದು ಬಂದ. ಅವ್ವ ಅದನ್ನು ಮುಟ್ಟಲಿಲ್ಲ.

“ಕಾಗೆ ಮುಟ್ಟಿತ್ತು ಅಂತ ಹೇಳಿದ್ರಾಯ್ತು ಬಿಡವ್ವ. ಜನ ನಂಬ್ತಾರೆ. ಆಯಸ್ಸು ಬೇರೆ ಜಾಸ್ತಿ ಆಗತ್ತೆ ನಿಂಗೆ.”

“ಮೈಕಲ್ಲಿ ಹೇಳುಸ್ತೀಯೋ ಇಲ್ವೋ?”

“ಏನಂತ ಹೇಳಿಸ್ಲಿ? ನಾನು ಸುಳ್ಳುಗಾರ ಅಂತ ಮೂರೂರಿಗೆ ಡಂಗುರ ಹೊಡೆಸ್ಲಾ? ಅಂಗಡಿ ಮುಚ್ಕೊಂಡು ಹೋಗ್ಬೇಕಾಗತ್ತೆ.” ಆಮೇಲೆ ನನ್ನ ಕಡೆ ಕೈ ತೋರಿಸಿದ. “ಇವಳನ್ನ ಕೇಳು. ವಿಳಾಸ ಹಾಕ್ದೋಳು ಯಾರು? ಬೀದಿ, ಬಾವಿ, ಮನೆ, ಎಲ್ಲ ಹಾಕ್ದೋಳು ಯಾರು?”

“ಸಾಯಿಸ್ದೋನು ಯಾರೋ?” ಎಂದೆ.

“ಬರ್ದು ಕಳಿಸ್ದೋಳು ನೀನು. ನಿನ್ನ ಕೈ ಹಿಡ್ಕೊಂಡಿದ್ನಾ ನಾನು?”

ನಾವಿಬ್ಬರೂ ಬೀದಿಗೆ ಕೇಳುವಂತೆ ಕಿರುಚಾಡಿದೆವು. ಅವ್ವ ನಮ್ಮಿಬ್ಬರನ್ನೂ ಹೊಲಕ್ಕೆ ನುಗ್ಗಿದ ಬಿಡಾಡಿ ದನಗಳನ್ನು ನೋಡುವಂತೆ ನೋಡುತ್ತಿದ್ದಳು. ತಮ್ಮ ಹೊರಟಾಗ ಸಿಹಿಯ ಪೊಟ್ಟಣವನ್ನು ಅವನ ಸ್ಕೂಟರಿನ ಸೀಟಿನ ಮೇಲೆ ಇಟ್ಟು ಬಂದಳು.

ಅವನು ಬಗ್ಗುತ್ತಾನೆಂದು ಎಣಿಸಿದ್ದೆ. ಬಗ್ಗಲಿಲ್ಲ. ಯಾವುದೋ ಕಾರ್ಖಾನೆಯ ಚಟ್ನಿಪುಡಿಯನ್ನು ಮೂಟೆಯಲ್ಲಿ ತರಿಸಿ, ಅದೇ ಪೊಟ್ಟಣಕ್ಕೆ ತುಂಬಿ, ಕಡೂರಿನಲ್ಲಿ ಅದೇ ಜಾಹೀರಾತನ್ನು ಮತ್ತೆ ಸುತ್ತಿಸತೊಡಗಿದ. ಈ ಸಂಗತಿಯನ್ನು ಅವ್ವನಿಗೆ ತಿಳಿಸಿದವರು ಅವಳ ಡಬ್ಬಿ ಒಯ್ಯುತ್ತಿದ್ದ ಬಸ್ಸಿನ ಡ್ರೈವರ್. “ಏನಜ್ಜಿ, ನಿಮ್ಮ ಡಬ್ಬಿ ಇಲ್ದೇನೇ ನಿಮ್ಮ ಪುಡಿ ಮಾರ್ತಾವ್ರಲ್ಲ?” ಎಂದರಂತೆ. ಅವ್ವ ಮನೆಗೆ ಬಂದವಳೇ ಒರಳನ್ನು ತೊಳೆದು ಬೋರಲು ಹಾಕಿದಳು. ಆಕೆಯ ಮುಖದಲ್ಲಿ ಸಿಟ್ಟು ಇದ್ದಿದ್ದರೆ ನಾನು ಹೆದರುತ್ತಿರಲಿಲ್ಲ. ಈಗ ಕಡೂರಿನಲ್ಲಿ ಆಕೆ ಸತ್ತಿದ್ದಳು, ಆಕೆಯ ಪುಡಿಯೂ ಬೇರೆ ಯಾರದೋ ಆಗಿತ್ತು. ಆಕೆಯದೆಂದು ಉಳಿದದ್ದು ನಾನು ಬರೆದ ನಾಲ್ಕು ಸಾಲು. ಅದೂ ಆಕೆಯದಲ್ಲ.

ಕಚೇರಿಯ ಆದೇಶದಲ್ಲಿ ತಪ್ಪಾದರೆ ಅದನ್ನು ಹರಿದು ಎಸೆಯುವುದಿಲ್ಲ. ತಿದ್ದೋಲೆ ಎಂಬ ಇನ್ನೊಂದು ಕಾಗದ ಹೊರಡಿಸುತ್ತಾರೆ. ‘ಇಂತಹ ಸಾಲಿನಲ್ಲಿ ಹೀಗೆ ಎಂದಿರುವುದನ್ನು ಹೀಗೆ ಎಂದು ಓದಿಕೊಳ್ಳತಕ್ಕದ್ದು’ ಎಂಬುದು ಅದರ ಒಕ್ಕಣೆ. ಅಂತಹ ಕಾಗದಗಳನ್ನು ನಾನು ಬಹಳಷ್ಟು ಟೈಪು ಮಾಡಿದ್ದೇನೆ. ಆ ದಿನ ಅವ್ವನಿಗಾಗಿ ಒಂದನ್ನು ಬರೆದು, ಓದಿ ಹೇಳಿದೆ. ಒಂದು ಪುಟವಿತ್ತು. ಅದರಲ್ಲಿ ವಿಷಾದವಿತ್ತು, ಕ್ಷಮೆಯಿತ್ತು, ತಾಯಿಯ ಮಹತ್ವದ ಬಗ್ಗೆ ಎರಡು ವಾಕ್ಯಗಳಿದ್ದವು.

“ಇದನ್ನ ಓದಿ ಮುಗ್ಸೋಷ್ಟರಲ್ಲಿ ನಿಜವಾಗ್ಲೂ ಹೋಗಿರ್ತೀನಿ” ಎಂದಳು ಅವ್ವ. “ಮತ್ತೆ ಅದೇ ಬೆಣ್ಣೆ ಹಚ್ಚೋದು. ಬದುಕವಳೆ ಅಂತ ಒಂದು ಮಾತು. ಆ ಪುಡಿ ನಂದಲ್ಲ ಅಂತ ಒಂದು ಮಾತು. ಸಾಕು.”

ಆಕೆ ಹೇಳಿದ ಎರಡು ಮಾತಿನ ನಡುವೆ ನನ್ನದೊಂದನ್ನು ಸೇರಿಸಿದೆ. ಅದಕ್ಕೆ ಆಕೆ ಬೇಡವೆನ್ನಲಿಲ್ಲ.

ಮೈಕಿನವರು ಒಪ್ಪಲಿಲ್ಲ. “ಹೋದೋರ ಸುದ್ದಿ ಎಷ್ಟೋ ಓದಿದ್ದೀನಿ ಕಣಮ್ಮ. ವಾಪಸ್ ಬಂದೋರ್ದು ಓದಿಲ್ಲ. ಸುಳ್ಳು ನಿಮ್ಮ ಮನೇದು, ನಿಮ್ಮ ಬಾಯಲ್ಲೇ ಮುಗೀಬೇಕು. ಆಟೋ ಕೊಡ್ತೀನಿ, ಮೈಕ್ ಕೊಡ್ತೀನಿ. ನೀವೇ ಓದ್ರಿ” ಎಂದರು. ನಾಲ್ಕು ಜನರ ಮುಂದೆ ನಿಂತು ಎಂದೂ ಮಾತಾಡಿದವಳಲ್ಲ ನಾನು. ಬೇಡ ಅವ್ವ, ಕರಪತ್ರ ಹಂಚೋಣ ಎಂದೆ. ಅವ್ವ ಸೀರೆ ಬದಲಿಸಿ, ಚಪ್ಪಲಿ ಮೆಟ್ಟಿ, ಹೋಗಿ ಆಟೋದಲ್ಲಿ ಕುಳಿತಳು. ಮೈಕನ್ನು ನನ್ನ ಕೈಗೆ ತುರುಕಿದಳು.

ಅಜ್ಜಂಪುರದಲ್ಲಿ ಓದುವಾಗ ಹಾರನ್ನಿನಲ್ಲಿ ನನ್ನ ದನಿ ನನಗೇ ಯಾರದೋ ಎನಿಸಿತು:

‘ಹಳೇ ಪೇಟೆ ಬೀದಿ, ಸೇದೋ ಬಾವಿ ಎದುರಿನ ಮನೆಯ ನಮ್ಮ ಅವ್ವ ಬದುಕಿದ್ದಾರೆ. ಇಲ್ಲವೆಂದು ಬರೆದವಳು ನಾನು, ಅವರ ಮಗಳು. ಕಡೂರಿನ ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿರುವ ಪುಡಿ ಅವರದಲ್ಲ.’

ಜನ ನಕ್ಕರು. ಹುಡುಗರು ಸಿಳ್ಳೆ ಹಾಕಿದರು. ಒಬ್ಬರು “ಇನ್ನೊಂದ್ಸಲ ಓದಮ್ಮ, ಸರಿಯಾಗಿ ಕೇಳ್ಲಿಲ್ಲ” ಎಂದು ಛೇಡಿಸಿದರು. ಓದಿದೆ. ತರೀಕೆರೆಯಲ್ಲಿ ನನ್ನ ಅಂಗಡಿಯ ಮುಂದೆ ಓದುವಾಗ ಯಜಮಾನರು ಒಳಗೆ ಹೋಗಿ ಬೆನ್ನು ತಿರುಗಿಸಿ ನಿಂತರು. ಹೋಟೆಲಿನ ಟೀ ಲೋಟಗಳು ನಿಲ್ಲಲಿಲ್ಲ. ಅವ್ವನ ಬಗ್ಗೆ ನಾನು ಬರೆದದ್ದರಲ್ಲಿ ಸುಳ್ಳೇ ಇಲ್ಲದ್ದು ಇದೊಂದೇ, ಅದಕ್ಕೆ ಯಾರೂ ಕಣ್ಣೊರೆಸಿಕೊಳ್ಳಲಿಲ್ಲ.

ಕಡೂರು ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಅವ್ವ ಆಟೋವನ್ನು ತಮ್ಮನ ಅಂಗಡಿಯ ಎದುರಿಗೇ ನಿಲ್ಲಿಸಿದಳು. ಒಳಗೆ ನಾಲ್ಕು ಜನ ಗಿರಾಕಿಗಳಿದ್ದರು. ನಾನು ಮೂರು ಸಲ ಓದಿದೆ. ಎರಡನೆಯ ಸಲಕ್ಕೆ ತಮ್ಮ ಹೊರಗೆ ಬಂದ.

“ಅಕ್ಕ, ಮೈಕ್ ಆರ್ಸು. ಮಾನ ಮರ್ಯಾದೆ ಇದ್ರೆ ಆರ್ಸು.”

“ಅವ್ವನ್ನ ಕೇಳು” ಎಂದೆ.

ಅವನು ಅವ್ವನನ್ನು ಕೇಳಲಿಲ್ಲ. ಆಟೋದೊಳಗೆ ಬಗ್ಗಿ ನೋಡಲೂ ಇಲ್ಲ. ಗಲ್ಲಾದ ಹಿಂದೆ ಹೋಗಿ ಕುಳಿತು ಮೊಬೈಲ್ ನೋಡತೊಡಗಿದ. ಪೊಟ್ಟಣ ಹಿಡಿದಿದ್ದ ಒಬ್ಬ ಹೆಂಗಸು ಅದರ ಮೇಲಿನ ನಗುವ ಅಜ್ಜಿಯನ್ನೂ ಆಟೋದಲ್ಲಿದ್ದ ಅವ್ವನನ್ನೂ ತಾಳೆ ನೋಡುತ್ತಾ ಹತ್ತಿರ ಬಂದರು.

“ಇವರೇನಾ ಅವ್ರು? ಸತ್ತೋದ್ರು ಅಂದಿದ್ರಲ್ಲ?”

“ನಾನೇ” ಎಂದಳು ಅವ್ವ.

“ಅಯ್ಯೋ, ಮೊದಲಿನ ಪುಡಿ ಎಷ್ಟು ಚೆನ್ನಾಗಿತ್ತು ಕಣ್ರೀ! ಎಲ್ಲಿ ಸಿಗತ್ತೆ ಈಗ?”

“ಎಲ್ಲೂ ಸಿಗಲ್ಲ. ನಡಿಯಪ್ಪಾ” ಎಂದು ಅವ್ವ ಆಟೋದವರ ಭುಜ ತಟ್ಟಿದಳು.

ಆ ಹೆಂಗಸು ಪೊಟ್ಟಣವನ್ನು ಅಂಗಡಿಯ ಕಟ್ಟೆಯ ಮೇಲೆ ಇಟ್ಟು ಹೋದದ್ದನ್ನು ತಿರುಗಿ ನೋಡಿದೆ. ಅದರಿಂದ ನನಗೆ ಸಂತೋಷವಾಯಿತೆಂದು ಬರೆದರೆ ಮತ್ತೊಂದು ಸುಳ್ಳಾದೀತು. ಅಂಗಡಿ ಈಗಲೂ ಇದೆ. ತಮ್ಮ ನಮ್ಮ ಮನೆಗೆ ಬರುವುದಿಲ್ಲ. ಹಬ್ಬಕ್ಕೂ ಫೋನಿಲ್ಲ.

ಆಟೋ ಹೋಗಿ ಬಂದ ಮರುವಾರ ಅವ್ವ ಒರಳನ್ನು ಎತ್ತಿ ನಿಲ್ಲಿಸಿ, ಒಂದು ಡಬ್ಬಿಯಷ್ಟೇ ಕುಟ್ಟಿದಳು. ಅರ್ಧವನ್ನು ಹಿಂದಿನ ಬೀದಿಯ ಗೆಳತಿಗೆ ಕೊಟ್ಟು, ಉಳಿದದ್ದನ್ನು ಅಡುಗೆಮನೆಯ ಮೇಲಿನ ಗೂಡಿನಲ್ಲಿ ಇಟ್ಟಳು. ಮಧ್ಯಾಹ್ನ ರೊಟ್ಟಿ ಬಡಿಸುವಾಗ ತನ್ನ ತಟ್ಟೆಗೆ ಮಾತ್ರ ಹಾಕಿಕೊಂಡಳು. ನಾನು ಸ್ವಲ್ಪ ಹೊತ್ತು ಕಾದೆ. ಆಮೇಲೆ, ಅರ್ಜಿ ಸಲ್ಲಿಸುವವಳಂತೆಯೇ, ನನಗೂ ಒಂದು ಚೂರು ಹಾಕವ್ವ ಎಂದು ಕೇಳಿದೆ.

ಅವ್ವ ರೊಟ್ಟಿ ಮುರಿಯುತ್ತಾ, ತಲೆ ಎತ್ತದೆ, “ಬರ್ಕೊಂಡು ತಿನ್ನು” ಎಂದಳು.